ಸುಂಕಣ್ಣನ ಕೆಂಪು ಬಾಟ್ಲಿ

ಸಿರುಗುಪ್ಪದ ಕಾರ್ ಸ್ಟ್ಯಾಂಡಿನಲ್ಲಿ ಸುಂಕಣ್ಣನಿಗೆ ಒಂದು ಕಾಯಿಲೆ ಇತ್ತು. ಜ್ವರವಲ್ಲ, ಕೆಮ್ಮಲ್ಲ. ವಿರೂಪಾಕ್ಷಿಯ ಕಾರು ಕಣ್ಣಿಗೆ ಬಿದ್ದರೆ ಸಾಕು, ಅವನ ಹೊಟ್ಟೆ ಉರಿಯುತ್ತಿತ್ತು.

ಇಬ್ಬರೂ ಬಾಡಿಗೆ ಕಾರು ಓಡಿಸುವವರು. ಇಬ್ಬರದೂ ಒಂದೇ ಕಂಪನಿಯ ಬಿಳಿ ಡೀಸೆಲ್ ಕಾರು, ಒಂದೇ ತಿಂಗಳಲ್ಲಿ ಕೊಂಡದ್ದು. ಓಡುವುದೂ ಅದೇ ಬಳ್ಳಾರಿ ರಸ್ತೆ, ಬೀಳುವುದೂ ಅವೇ ಗುಂಡಿಗಳಲ್ಲಿ. ಆದರೂ ನಾಲ್ಕು ವರ್ಷವಾಗುವಷ್ಟರಲ್ಲಿ ವಿರೂಪಾಕ್ಷಿಯ ಕಾರು ಬಂದು ಪಕ್ಕದಲ್ಲಿ ನಿಂತರೂ ಗೊತ್ತಾಗುತ್ತಿರಲಿಲ್ಲ. ಸುಂಕಣ್ಣನ ಕಾರು ಹೊರಟರೆ ಮೂರು ಓಣಿಗೆ ಕೇಳುತ್ತಿತ್ತು. ಒಂದು ಲೀಟರಿಗೆ ಅವನಿಗೆ ಇಪ್ಪತ್ತು ಕಿಲೋಮೀಟರ್, ಇವನಿಗೆ ಹದಿನೇಳೂ ಕಷ್ಟ.

"ಅವ ಏನೋ ಗುಟ್ಟು ಮಾಡಾಕತ್ಯಾನ," ಎಂದು ಸುಂಕಣ್ಣ ಹೆಂಡತಿ ಜಡೆಮ್ಮನಿಗೆ ದಿನಾ ಹೇಳುತ್ತಿದ್ದ.

"ಹೋಗಿ ಕೇಳಬಾರದೇನು? ಬಾಯಿಲ್ಲೇನು ನಿಮಗ?" ಎಂದಳು ಜಡೆಮ್ಮ.

"ಅವನ್ನ ಕೇಳಾದಾ? ನಾನಾ?" ಸುಂಕಣ್ಣ ತಟ್ಟೆ ಸರಿಸಿ ಎದ್ದುಬಿಟ್ಟ.

ಆ ದಿನಗಳಲ್ಲೇ ಅಕ್ಕಿ ಗಿರಣಿಯ ದೊಡ್ಡಬಸವರಾಜ ಸಾಹುಕಾರರು ಇಬ್ಬರನ್ನೂ ಕರೆಸಿದರು. ಅವರ ತಾಯಿ ಜಂಬಮ್ಮನವರನ್ನು ವಾರಕ್ಕೆ ಎರಡು ಸಲ ಬಳ್ಳಾರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಿತ್ತು. "ಹೊತ್ತಿಗೆ ಸರಿಯಾಗಿ ಮುಟ್ಟಬೇಕು ನೋಡ್ರಪಾ. ಒಂದು ತಿಂಗಳು ವಿರೂಪಾಕ್ಷಿ, ಒಂದು ತಿಂಗಳು ಸುಂಕಣ್ಣ. ಆಮ್ಯಾಲೆ ಅವ್ವ ಯಾರ್ನ ಅಂತಾಳೋ ಅವರಿಗೆ ಕಾಯಂ," ಎಂದರು.

ವರ್ಷಪೂರ್ತಿ ಕೈಯಲ್ಲಿರುವ ಬಾಡಿಗೆ! ಸ್ಟ್ಯಾಂಡಿನಲ್ಲಿ ಗಿರಾಕಿಗಾಗಿ ಕೂಗುತ್ತಾ ನಿಲ್ಲುವ ಪಾಡು ತಪ್ಪುತ್ತದೆ. ಅದು ವಿರೂಪಾಕ್ಷಿಯ ಪಾಲಾದರೆ ಎಂದು ನೆನೆದರೇ ಸುಂಕಣ್ಣನ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವುದು ನಿಮಗೆ ಗೊತ್ತೇ ಇದೆ. ಸುಂಕಣ್ಣ ಪೂಜೆಯಲ್ಲಿ ಯಾರಿಗೂ ಕಡಿಮೆಯಲ್ಲ, ಕುಂಬಳಕಾಯಿಯನ್ನೂ ಒಡೆಯುತ್ತಿದ್ದ. ತನ್ನ ಪೂಜೆ ಮುಗಿಸಿ ವಿರೂಪಾಕ್ಷಿಯ ಮನೆ ಮುಂದೆ ಹಾದುಹೋಗುವಾಗ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನೋಡಿದ. ವಿರೂಪಾಕ್ಷಿ ಬಾನೆಟ್ ಎತ್ತಿ, ಒಂದು ಉಪ್ಪಿನಕಾಯಿ ಬಾಟ್ಲಿಯಿಂದ ಎಂಜಿನ್ನಿಗೆ ಏನನ್ನೋ ಸುರಿಯುತ್ತಿದ್ದ. ಬಂಗಾರದ ಬಣ್ಣದ್ದು, ಒಂದೆರಡು ಗುಟುಕಿನಷ್ಟು.

"ಸಿಕ್ಕಬಿದ್ದ ಮಗಾ!" ಎಂದುಕೊಂಡ ಸುಂಕಣ್ಣ. "ಎಂಜಿನ್ನಿಗೆ ಔಷಧಿ ಹಾಕ್ತಾನ. ಅದಕ್ಕೇ ಹಂಗ ಓಡತೈತಿ."

ಮರುವಾರ ಕುರುಗೋಡಿನ ಸಂತೆಗೆ ಬಾಡಿಗೆ ಹೋಗಿದ್ದಾಗ ಆ ಔಷಧಿ ತಾನಾಗಿಯೇ ಎದುರು ಬಂತು. ಒಬ್ಬ ಮಾರುವವನ ಮೇಜಿನ ಮೇಲೆ ಸಾಲಾಗಿ ಕೆಂಪು ಬಾಟ್ಲಿಗಳು, ಒಂದು ಚಿಕ್ಕ ಮೋಟಾರು, ಅದಕ್ಕೆ ಉಜ್ಜುವ ಒಂದು ಕಬ್ಬಿಣದ ತುಂಡು. ಬರೀ ಎಂಜಿನ್ ಆಯಿಲ್ ಹಾಕಿದರೆ ಕಬ್ಬಿಣ ಕಿರ್ರೆಂದು ಕಚ್ಚಿ ನಿಲ್ಲುತ್ತಿತ್ತು. ಕೆಂಪು ಬಾಟ್ಲಿಯ ನಾಲ್ಕು ಹನಿ ಬಿಟ್ಟರೆ ಮೋಟಾರು ಗುಂಯ್ ಎಂದು ತಿರುಗುತ್ತಿತ್ತು.

"ನೋಡ್ರಿ ಅಣ್ಣಾ, ಉಜ್ಜಾಟನ ಇಲ್ಲ! ಇದನ್ನ ಹಾಕಿದ್ರ ಎರಡು ವರ್ಷ ಎಣ್ಣಿ ಬದಲಿ ಮಾಡೂದ ಬ್ಯಾಡ. ಮೈಲೇಜ್ ಜಾಸ್ತಿ, ಸದ್ದು ಕಡಿಮಿ," ಎಂದ ಮಾರುವವನು.

ಸುಂಕಣ್ಣ ಒಂದು ಬಾಟ್ಲಿ ಕೇಳಲಿಲ್ಲ. ಎರಡು ತಗೊಂಡ. ವಿರೂಪಾಕ್ಷಿ ಒಂದು ಹಾಕಿದರೆ ತಾನು ಎರಡು ಹಾಕಬೇಕಲ್ಲ!

ಹಾಕಿದ ದಿನ ಕಾರು ಹೂವಿನಂತೆ ಓಡಿತು. ಸುಂಕಣ್ಣ ಮೆಲ್ಲಗೆ ಓಡಿಸಿದ, ಕಿವಿಗೊಟ್ಟು ಕೇಳಿದ, ಸ್ಟ್ಯಾಂಡಿನಲ್ಲಿ ಮೀಸೆ ತಿರುವಿದ. "ಈಗ ನನ್ನ ಗಾಡಿ ಸದ್ದು ಕೇಳ್ರಲೇ," ಎಂದು ಎಲ್ಲರನ್ನೂ ಕರೆದ. ವಿರೂಪಾಕ್ಷಿ ಬಂದು ಕೇಳಿ, ಸೀಟಿನ ಮೇಲಿದ್ದ ಖಾಲಿ ಬಾಟ್ಲಿಯತ್ತ ಒಮ್ಮೆ ನೋಡಿ ಹೋದ. ಅವನ ಮುಖ ಬಾಡಿದ್ದು ನೋಡಿ ಸುಂಕಣ್ಣನಿಗೆ ಹಬ್ಬದೂಟ ಉಂಡಷ್ಟು ಖುಷಿ.

ಎಣ್ಣೆ ಬದಲಿಸುವ ಹೊತ್ತು ಎಂದೋ ಮೀರಿತ್ತು. ಜಡೆಮ್ಮ ನೆನಪಿಸಿದಳು. "ಬಾಟ್ಲಿ ಐತಲ್ಲ!" ಎಂದ ಗಂಡ.

ಜಂಬಮ್ಮನವರ ತಿಂಗಳು ಸುಂಕಣ್ಣನಿಗೆ ಬಂದಿತು. ಮೂರು ವಾರ ಹೇಗೋ ದಾಟಿತು. ನಾಲ್ಕನೆಯ ವಾರ, ತೆಕ್ಕಲಕೋಟೆ ದಾಟಿದ ಮೇಲೆ, ಸ್ಟೇರಿಂಗಿನ ಹಿಂದೆ ಎಣ್ಣೆಗಿಂಡಿಯಂಥ ಒಂದು ಕೆಂಪು ದೀಪ ಹತ್ತಿಕೊಂಡಿತು.

"ಅದೇನಪ್ಪಾ ಕೆಂಪಗ ಉರಿಯಾಕತ್ತೈತಿ?" ಎಂದರು ಜಂಬಮ್ಮ.

"ಏನಿಲ್ಲಮ್ಮಾ, ಅದು ಹಂಗ ಉರೀತೈತಿ."

ನಿಲ್ಲಿಸಬೇಕೆಂದು ಅವನ ಕಾಲು ಬ್ರೇಕಿನ ಮೇಲೆ ಹೋಗಿತ್ತು, ನಿಜ. ಆದರೆ ಕನ್ನಡಿಯಲ್ಲಿ ಒಂದು ಬಿಳಿ ಕಾರು ಕಂಡಿತು. ವಿರೂಪಾಕ್ಷಿ! ಇವನ ಕಣ್ಣೆದುರು, ಈ ಅಮ್ಮನನ್ನು ಕೂರಿಸಿಕೊಂಡು ರಸ್ತೆ ಬದಿ ನಿಲ್ಲುವುದೇ? ಸತ್ತರೂ ಇಲ್ಲ. ಸುಂಕಣ್ಣ ಇನ್ನಷ್ಟು ಒತ್ತಿದ. ಒಳಗಿನಿಂದ ಟಕ್ ಟಕ್ ಎಂದು ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ ಸದ್ದು ಶುರುವಾಯಿತು.

ಕುರುಗೋಡಿಗೆ ತಿರುಗುವ ದಾರಿ ಹತ್ತಿರ ಬಂದಾಗ ವಿರೂಪಾಕ್ಷಿ ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದು, ಕಿಟಕಿಯಿಂದ ಕೂಗಿದ: "ಲೇ ಸುಂಕ್ಯಾ, ಎಂಜಿನ್ ಬಂದ್ ಮಾಡಲೇ! ಕಚ್ಚಿಕೊಳ್ಳಾಕತ್ತೈತಿ! ಬಂದ್ ಮಾಡು!"

ಮಾಡಲೇಬೇಕಾಯಿತು. ವಿರೂಪಾಕ್ಷಿ ತನ್ನ ಕಾರಿನಲ್ಲಿದ್ದವರನ್ನು ಬೇಡಿಕೊಂಡು ಸರಿಸಿ ಜಾಗ ಮಾಡಿದ, ಜಂಬಮ್ಮನವರ ಕೈಹಿಡಿದು ಹತ್ತಿಸಿದ. "ಹೊತ್ತಾಗ್ತೈತಿ, ನಾ ಮುಟ್ಟಿಸ್ತೀನಿ. ನೀ ಇಲ್ಲೇ ಇರು, ಬಳ್ಳಾರಿಯಿಂದ ಗ್ಯಾರೇಜಿನ ರಶ್ಮಿ ನಿನ್ನ ಕಾರು ಎಳಿಯಾಕ ಗಾಡಿ ಕಳಸ್ತಾಳ," ಎಂದ. ಆ ಬಿಳಿ ಕಾರು ಸದ್ದಿಲ್ಲದೆ ದೂರವಾಗುವುದನ್ನು ನೋಡುತ್ತಾ ಸುಂಕಣ್ಣ ಬಿಸಿಲಲ್ಲಿ ನಿಂತ. ಅವನಿಗೆ ಎಂಜಿನ್ ಕೆಟ್ಟ ಸಂಕಟಕ್ಕಿಂತ, ಅಮ್ಮ ಆ ಕಾರು ಹತ್ತಿದ ಸಂಕಟವೇ ಹೆಚ್ಚಾಗಿತ್ತು.

ರಶ್ಮಿ ಬಳ್ಳಾರಿಯಲ್ಲಿ ಗ್ಯಾರೇಜ್ ನಡೆಸುವ ಹುಡುಗಿ. ಡಿಪ್ಲೊಮಾ ಓದಿದವಳು. ಮಾತು ಖಡಕ್, ಕೆಲಸ ಅದಕ್ಕಿಂತ ಖಡಕ್. ಸಂಜೆಗೆ ಅವಳು ಎಂಜಿನ್ನಿನ ಕೆಳಗಿನ ನಟ್ಟು ಬಿಚ್ಚಿದಾಗ ಎಣ್ಣೆ ಸುರಿಯಲಿಲ್ಲ. ಡಾಂಬರಿನಂತೆ ಗಟ್ಟಿಯಾಗಿ, ತುಂಡು ತುಂಡಾಗಿ ಜಾರಿತು. ಅಷ್ಟರಲ್ಲಿ ಜಂಬಮ್ಮನವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದ ವಿರೂಪಾಕ್ಷಿಯೂ ಬಂದು ನಿಂತಿದ್ದ.

"ಅಣ್ಣಾ, ಎಷ್ಟು ದಿನಾತು ಎಣ್ಣಿ ಬದಲಿ ಮಾಡಿ?"

"ಅದು... ಬಾಟ್ಲಿ ಹಾಕೀನಲ್ಲವ್ವಾ."

"ಬಾಟ್ಲಿ ಕೇಳಲಿಲ್ಲ ನಾ. ಎಣ್ಣಿ ಕೇಳಿದೆ."

ಸುಂಕಣ್ಣ ಲೆಕ್ಕ ಹೇಳಿದ. ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದದ್ದು ಇಪ್ಪತ್ತೈದು ಸಾವಿರ ದಾಟಿತ್ತು. ರಶ್ಮಿ ಹಣೆ ಚಚ್ಚಿಕೊಂಡಳು.

"ಅಲ್ಲವ್ವಾ, ಸಂತ್ಯಾಗ ಮಷೀನ್ ಇಟ್ಟು ತೋರಿಸಿದ್ರಲ್ಲ! ನಾ ಕಣ್ಣಾರೆ ನೋಡೀನಿ!"

"ಅಣ್ಣಾ, ಆ ಮಷೀನ್ ಬ್ಯಾರೆ, ನಿಮ್ಮ ಎಂಜಿನ್ ಬ್ಯಾರೆ. ಒಂದು ಕಬ್ಬಿಣದ ತುಂಡು ಒತ್ತಿ ಉಜ್ಜೋದು ಎಂಜಿನ್ ಕೆಲಸ ಅಲ್ಲ. ಉಜ್ಜಾಟ ಕಡಿಮಿ ಮಾಡೋ ಮದ್ದು ಒಳ್ಳೆ ಎಣ್ಣಿಯೊಳಗ ಮೊದಲೇ ಹದವಾಗಿ ಬೆರೆಸಿರ್ತಾರ. ನೀವು ಮ್ಯಾಲೆ ಮತ್ತೆರಡು ಬಾಟ್ಲಿ ಸುರಿದ್ರ ಆ ಹದ ಕೆಡಬಹುದು. ಸಾರಿಗೆ ಉಪ್ಪು ಹಾಕಿದ ಮ್ಯಾಲೆ ಇನ್ನೊಂದು ಹಿಡಿ ಹಾಕ್ತೀರೇನು?"

"ಆದರ ಹಾಕಿದ ದಿನ ಎಷ್ಟು ಚಂದ ಓಡ್ತು..."

"ಆವತ್ತು ನೀವು ಮೆಲ್ಲಕ ಓಡಿಸಿರ್ತೀರಿ. ಸುಳ್ಳಾ?"

ಸುಂಕಣ್ಣ ತಲೆ ಕೆರೆದುಕೊಂಡ.

"ಎಲ್ಲಾ ಬಾಟ್ಲಿ ವಿಷ ಅಂತ ನಾ ಅನ್ನಂಗಿಲ್ಲ. ಒಳ್ಳೆ ಎಣ್ಣಿ ಹೊತ್ತಿಗೆ ಸರಿಯಾಗಿ ಬದಲಿಸೋ ಗಾಡಿಗೆ ಅದರಿಂದ ಕಣ್ಣಿಗೆ ಕಾಣೋವಂಥ ಲಾಭ ನಾನಂತೂ ಕಂಡಿಲ್ಲ. ನಿಮ್ಮ ಗಾಡಿ ಕೆಟ್ಟಿದ್ದು ಬಾಟ್ಲಿ ನಂಬಿ ಎಣ್ಣಿ ಮರೆತಿದ್ದಕ್ಕ. ಎಣ್ಣಿ ಎಂಜಿನ್ನಿಗೆ ಮುಟ್ಟವಲ್ದು ಅಂತ ಕೆಂಪು ದೀಪ ಹತ್ತಿದ ಮ್ಯಾಲೂ ಓಡಿಸಿದ್ದಕ್ಕ. ಇನ್ನೊಂದೆರಡು ಕಿಲೋಮೀಟರ್ ಹೋಗಿದ್ರ ಎಂಜಿನ್ ಗುಜರಿಗೆ." ಅವಳು ಏರ್ ಫಿಲ್ಟರ್ ಕಿತ್ತು ನೆಲಕ್ಕೆ ಬಡಿದಳು. ಒಂದು ಬೊಗಸೆ ಬೂದಿ ಉದುರಿತು. "ಮೈಲೇಜ್ ಎಲ್ಲಿ ಹೋತು ಅಂತೀರಲ್ಲ, ನೋಡ್ರಿ. ನಿಮ್ಮೂರ ಗಿರಣಿಗಳ ಉಮಿಬೂದಿ. ಗಾಡಿಗೆ ಉಸಿರಾಡಾಕ ಜಾಗಿಲ್ಲ."

ಸುಂಕಣ್ಣನಿಗೆ ತಡೆಯಲಾಗಲಿಲ್ಲ. ವಿರೂಪಾಕ್ಷಿಯ ಕಡೆ ತಿರುಗಿದ. "ಮತ್ತ ಇವ ಏನ್ ಹಾಕ್ತಾನ? ಅಮಾವಾಸಿ ದಿನ ಉಪ್ಪಿನಕಾಯಿ ಬಾಟ್ಲಿಯಿಂದ ಸುರಿಯೋದು ನಾ ನೋಡೀನಿ!"

ವಿರೂಪಾಕ್ಷಿ ಬಾಯಿ ತೆರೆದು ನಿಂತ. "ಅದಾ? ಅದು ಡಬ್ಬಿಯೊಳಗ ಉಳಿದ ಎಂಜಿನ್ ಆಯಿಲ್ಲೋ ಮಾರಾಯಾ! ಅಮಾವಾಸಿಗೊಮ್ಮೆ ಎಣ್ಣಿಯೊಳಗ ಅಳತಿ ಕಡ್ಡಿ ಅದ್ದಿ ನೋಡ್ತೀನಿ, ಕಡಿಮಿ ಇದ್ರ ಅಷ್ಟು ಹಾಕ್ತೀನಿ. ಫಿಲ್ಟರ್ ಝಾಡಿಸ್ತೀನಿ, ಟೈರಿನ ಗಾಳಿ ನೋಡ್ತೀನಿ. ಪೂಜಿ ದಿನ ಅಂದ್ರ ಮರೆಯಂಗಿಲ್ಲ ನೋಡು." ತನ್ನ ಕಾರಿನ ಬಾಗಿಲು ತೆಗೆದು ತೋರಿಸಿದ. ಒಳಗೆ ಅಂಟಿಸಿದ ಚೀಟಿಯಲ್ಲಿ ಎಣ್ಣೆ ಬದಲಿಸಿದ ತಾರೀಖು, ಎಷ್ಟು ಕಿಲೋಮೀಟರಿಗೆ ಎಂಬುದು ಸಾಲಾಗಿ ಬರೆದಿತ್ತು.

ನಾಲ್ಕು ವರ್ಷ ಹೊಟ್ಟೆ ಉರಿಸಿಕೊಂಡದ್ದು ಆ ಒಂದು ಚೀಟಿಗೆ! ಸುಂಕಣ್ಣನಿಗೆ ನಾಚಿಕೆಯಾಯಿತು. "ನಿನ್ನ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚು ಇತ್ತಲೇ," ಎಂದ, ನೆಲ ನೋಡುತ್ತಾ. "ನೀ ಹಿಂದಿದ್ದಿ ಅಂತನ ಗಾಡಿ ನಿಲ್ಲಿಸಲಿಲ್ಲ. ಆ ಅಮ್ಮಗ ಏನರ ಆಗಿದ್ರ..."

ವಿರೂಪಾಕ್ಷಿ ತನ್ನ ಕಾರಿನ ಡಿಕ್ಕಿ ತೆಗೆದು, ಚೀಲದೊಳಗಿಂದ ಒಂದು ಕೆಂಪು ಬಾಟ್ಲಿ ಹೊರತೆಗೆದ. ಮುಚ್ಚಳ ಇನ್ನೂ ಒಡೆದಿರಲಿಲ್ಲ.

"ಆವತ್ತು ನಿನ್ನ ಗಾಡಿ ಸದ್ದು ಕೇಳಿದ ಮ್ಯಾಲೆ ನನಗೂ ಹೊಟ್ಟಿ ಉರೀತು. ನಿನ್ನ ಸೀಟಿನ ಮ್ಯಾಲಿನ ಬಾಟ್ಲಿ ನೆನಪಿಟ್ಟು ಮುಂದಿನ ಸಂತಿಗೇ ಕುರುಗೋಡಿಗೆ ಹೋಗಿ ತಂದೆ. ಈ ಸಲ ಎಣ್ಣಿ ಬದಲಿ ಮಾಡುವಾಗ ಹಾಕೋನಿದ್ದೆ."

ರಶ್ಮಿ ಬಿದ್ದು ಬಿದ್ದು ನಕ್ಕಳು. "ನಿಮ್ಮ ಹೊಟ್ಟಿಕಿಚ್ಚಿನ ಮ್ಯಾಲೆ ಆ ಬಾಟ್ಲಿ ಮಾರೋವನ ಅಂಗಡಿ ನಡ್ಯಾಕತ್ತೈತಿ!"

ಜಂಬಮ್ಮನವರ ಬಾಡಿಗೆ ವಿರೂಪಾಕ್ಷಿಗೇ ಕಾಯಂ ಆಯಿತು. ಅದು ನ್ಯಾಯವೇ. ಸುಂಕಣ್ಣನ ಕಾರು ಎಂಟು ದಿನ ಗ್ಯಾರೇಜಿನಲ್ಲಿದ್ದು ಹೊರಬಂತು. ಈಗ ಅವನ ಬಾಗಿಲಿನಲ್ಲೂ ಒಂದು ಚೀಟಿ ಇದೆ, ಬರೆದವಳು ಜಡೆಮ್ಮ. ಅಮಾವಾಸ್ಯೆಗೆ ಇಬ್ಬರೂ ಅಕ್ಕಪಕ್ಕದಲ್ಲಿ ಬಾನೆಟ್ ಎತ್ತುತ್ತಾರೆ. ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದು ಕೇಳಬೇಡಿ. ಯಾರ ಫಿಲ್ಟರಿನಲ್ಲಿ ಬೂದಿ ಕಡಿಮೆ ಎಂದು ಈಗಲೂ ಕಿತ್ತಾಡುತ್ತಾರೆ.

ಗಾಡಿ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ಇವತ್ತೇ ತೆಗೆಯಿರಿ. ಅದು ಹೇಳಿದ ಎಣ್ಣೆಯನ್ನೇ, ಅದು ಹೇಳಿದ ಹೊತ್ತಿಗೆ ಬದಲಿಸಿ. ಬಾಟ್ಲಿಗೆ ಕೊಡುವ ದುಡ್ಡನ್ನು ಆ ಎಣ್ಣೆಗೆ ಕೂಡಿಡಿ. ಎಣ್ಣೆಗಿಂಡಿಯ ಕೆಂಪು ದೀಪ ಹತ್ತಿದರೆ, ಹಿಂದೆ ಯಾರೇ ಬರುತ್ತಿರಲಿ, ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಪಕ್ಕದವರ ಗಾಡಿ ಚೆನ್ನಾಗಿ ಓಡುತ್ತಿದೆಯೇ? ಕಾಂಪೌಂಡಿನ ಮೇಲಿಂದ ಇಣುಕಬೇಡಿ. ಬಾಗಿಲು ತಟ್ಟಿ ಕೇಳಿ.