ಎಡಗಾಲಿನ ಶೋಕೇಸು

ಆ ಬೀದಿಯಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಾ ಬಂದಾಗ ನಗರಸಭೆಯವರು ಕಣ್ಣೆತ್ತಿಯೂ ನೋಡಲಿಲ್ಲ. ಬಟ್ಟೆ ಅಂಗಡಿ ಹೋಯಿತು, ಆಟದ ಸಾಮಾನಿನದು ಹೋಯಿತು, ಮೂಲೆಯ ಬ್ಯಾಂಕಿನವರು ಕೂಡ ಬೋರ್ಡು ಬಿಚ್ಚಿಕೊಂಡು ಹೋದರು. ಗಾಜಿನ ಮೇಲೆ ಧೂಳು ಕೂತು, ಆ ಧೂಳಿನ ಮೇಲೆ ಯಾರೋ ಬೆರಳಲ್ಲಿ ತಮ್ಮ ಪ್ರೇಮದ ಸಮಾಚಾರ ಬರೆದು, ಅದೂ ಮಾಸಿದ ಮೇಲೆ ಇವರಿಗೆ ಎಚ್ಚರವಾಯಿತು. ಬೀದಿ ನೋಡಲು ಚೆನ್ನಾಗಿಲ್ಲವಂತೆ! ಅದಕ್ಕೊಂದು ಯೋಜನೆ ಹುಟ್ಟಿತು: ಖಾಲಿ ಅಂಗಡಿಯ ಗಾಜಿಗೆ ತುಂಬಿದ ಅಂಗಡಿಯ ಚಿತ್ರ ಅಂಟಿಸುವುದು. ಬ್ಯಾಂಕು ಹೂವಿನಂಗಡಿಯಾಯಿತು, ಬಟ್ಟೆ ಅಂಗಡಿ ಪುಸ್ತಕದಂಗಡಿಯಾಯಿತು. ಅಂಟಿಸಿದ ಮಾರನೆಯ ದಿನವೇ ಕಣ್ಣು ಮಂಜಾದ ಮುದುಕಿಯೊಬ್ಬಳು ಹೂವಿನಂಗಡಿಯ ಬಾಗಿಲು ತಳ್ಳಿ ತಳ್ಳಿ ಸುಸ್ತಾಗಿ, ಒಳಗಿನವರಿಗೆ ಎಂಥಾ ಸೊಕ್ಕಪ್ಪಾ, ಕರೆದರೂ ತಿರುಗಿ ನೋಡುವುದಿಲ್ಲ ಎಂದು ಬೈದು ಹೋದಳು. ಆ ಬೀದಿಯಲ್ಲಿ ಇನ್ನೂ ವ್ಯಾಪಾರ ಮಾಡುತ್ತಿದ್ದವನೆಂದರೆ ಕನ್ನಡಕದಂಗಡಿಯವನು ಒಬ್ಬನೇ. ಅವನು ಈ ಕತೆಯನ್ನು ಕಂಡಕಂಡವರಿಗೆಲ್ಲ ಹೇಳಿ, 'ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು' ಎಂದು ಮುಗಿಸುತ್ತಿದ್ದ.

ಕನ್ನಡಕದಂಗಡಿಗೆ ತಗುಲಿಕೊಂಡಂತೆ ಇದ್ದದ್ದು ನಂಬರಪ್ಪನ ಷೂ ಅಂಗಡಿ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಬೀದಿಯವರಿಗೆ ಅದರ ಅಗತ್ಯ ಬೀಳಲಿಲ್ಲ. ಲೋಕವೆಲ್ಲ ಮುಖ ನೋಡಿ ಮಣೆ ಹಾಕಿದರೆ ಇವನು ಕಾಲು ನೋಡಿ ಮಣೆ ಹಾಕುವವನು. ಒಳಗೆ ಬಂದವರ ಪಾದವನ್ನು ಒಮ್ಮೆ ನೋಡಿ, 'ಏಳು ನಂಬರು, ಸ್ವಲ್ಪ ಅಗಲ' ಅಂದರೆ ಮುಗಿಯಿತು, ಮತ್ತೆ ಅಳೆಯುವ ಮಾತಿಲ್ಲ. ಮುಖ ಮಾತ್ರ ನೆನಪಿರುತ್ತಿರಲಿಲ್ಲ. ನನ್ನ ಮುಖದಲ್ಲಿ ಮಚ್ಚೆ ಯಾವ ಕಡೆ ಇದೆ ಹೇಳಿ ನೋಡೋಣ ಎಂದು ಹೆಂಡತಿ ಗಿರಾಕಿಗಳ ಎದುರಿಗೇ ಕಾಡಿಸುತ್ತಿದ್ದಳು. ಅವನು ಯೋಚನೆಗೆ ಬೀಳುತ್ತಿದ್ದ, ಗಿರಾಕಿಗಳು ನಗುತ್ತಿದ್ದರು.

ಅಂಗಡಿ ಅವನದಾದರೂ ಶೋಕೇಸು ಅವಳ ರಾಜ್ಯ. ಈ ಕಸುಬಿನಲ್ಲಿ ಶೋಕೇಸಿಗೆ ಇಡುವುದು ಜೋಡಿಯಲ್ಲಿ ಒಂದನ್ನು ಮಾತ್ರ. ಇನ್ನೊಂದು ಡಬ್ಬದೊಳಗೆ, ಕಪಾಟಿನಲ್ಲಿ. ಒಂಟಿ ಷೂವನ್ನು ಕಳ್ಳನೂ ಮುಟ್ಟುವುದಿಲ್ಲ. ಅವಳು ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿದ್ದಳು: ಗಾಜಿನ ಹಿಂದೆ ಹೋಗುವುದು ಯಾವಾಗಲೂ ಎಡಗಾಲಿನದೇ. ಗಿರಾಕಿ ಸ್ಟೂಲಿನ ಮೇಲೆ ಕೂತರೆ ಚಾಚುವುದು ಬಲಗಾಲನ್ನು. ಬಲಗಾಲಿನದು ಡಬ್ಬದಲ್ಲಿ ಕೈಗೆ ಸಿಗುವಂತಿರಬೇಕು, ಅದಕ್ಕಾಗಿ ಶೋಕೇಸಿನೊಳಗೆ ತಲೆ ತೂರಿಸಿ ತಡಕಾಡುತ್ತಾ ಕೂತರೆ ಬಂದವನು ಎದ್ದು ಹೋಗುತ್ತಾನೆ. ಮದುವೆಯಾದ ಹೊಸತರಲ್ಲಿ ನಂಬರಪ್ಪ ಅವಸರದಲ್ಲಿ ಬಲಗಾಲಿನದೊಂದನ್ನು ಅಲ್ಲಿಟ್ಟಿದ್ದಕ್ಕೆ ಅವಳು ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳು. ನಿನ್ನ ರಾಜ್ಯ ನೀನೇ ಆಳಿಕೋ ತಾಯಿ ಎಂದು ಕೈಮುಗಿದವನು ಆಮೇಲೆ ಶೋಕೇಸಿನ ಗೊಡವೆಗೇ ಹೋಗಲಿಲ್ಲ. ಅವಳೂ ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಹೋದ ಚಳಿಗಾಲ ಮುಗಿಯುವಾಗ ಅವಳು ಎಂದಿನಂತೆ ಹೊಸ ಮಾಲು ತೆಗೆದು ಶೋಕೇಸು ಜೋಡಿಸಿದಳು. ಮೂರನೆಯ ದಿನ ಬೆಳಿಗ್ಗೆ ಲೋಟ ಕೈಯಿಂದ ಜಾರಿತು, ಮಾತು ತೊದಲಿತು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಎಲ್ಲ ಮುಗಿಯಿತು. ತಲೆಯೊಳಗೆ ಕೆಲವು ದಿನಗಳಿಂದಲೇ ರಕ್ತ ಜಿನುಗುತ್ತಿದ್ದಿರಬೇಕು ಎಂದರು ಡಾಕ್ಟರು. ಮುಂಚೆ ಏನಾದರೂ ಏರುಪೇರು ಕಂಡಿತ್ತೇ, ಮರೆವು, ಗೊಂದಲ, ದಿನಾ ಮಾಡುವ ಕೆಲಸದಲ್ಲಿ ತಪ್ಪು? ಎರಡು ದಿನ ಮೊದಲು ಕರೆತಂದಿದ್ದರೆ ಮಾತೇ ಬೇರೆ ಇತ್ತು ಎಂದರು. ನಂಬರಪ್ಪ ಡಾಕ್ಟರ ಬೂಟನ್ನೇ ನೋಡುತ್ತಾ, ಇಲ್ಲ, ಏನೂ ಇರಲಿಲ್ಲ ಎಂದ.

ಅದನ್ನೇ ಹೊರಗಿನ ಬೆಂಚಿನ ಮೇಲೆ ನಾದಿನಿಯೂ ಕೇಳಿದಳು. ಹೆಂಡತಿಯ ತಂಗಿ ಅವಳು, ಕಡ್ಡಿ ಮುರಿದಂತೆ ಮಾತಾಡುವವಳು, ಅಕ್ಕನೆಂದರೆ ಪ್ರಾಣ. ಒಂದೇ ಮನೆಯಲ್ಲಿದ್ದು ಏನೂ ಕಾಣಲಿಲ್ಲ ಅಂದರೆ ನಾನು ಹೇಗೆ ನಂಬಲಿ ಎಂದು ಜಗಳಕ್ಕೇ ನಿಂತಳು.

"ಮೊನ್ನೆ ತಾನೇ ಶೋಕೇಸು ಜೋಡಿಸಿದ್ಳು ಕಣಮ್ಮ," ಎಂದ ನಂಬರಪ್ಪ. "ನೋಡಿ ಅಂತ ನನ್ನನ್ನ ಕೇಳಿದ್ಳು ಕೂಡ. ಚೆನ್ನಾಗಿದೆ ಅಂದೆ. ಬೇಕಾದ್ರೆ ಹೋಗಿ ನೋಡು, ತಲೆ ಸರಿ ಇಲ್ಲದವರು ಮಾಡೋ ಕೆಲಸನಾ ಅದು?"

ನಾದಿನಿ ಹೋಗಿ ನೋಡಿದಳು. ಎರಡು ಸಾಲು ಷೂಗಳು, ನಡುನಡುವೆ ಬಣ್ಣದ ಕಾಗದ, ಮೂಲೆಯಲ್ಲಿ ಅಕ್ಕನ ದುಂಡು ಅಕ್ಷರದಲ್ಲಿ 'ಹೊಸ ಮಾಲು' ಎಂಬ ರಟ್ಟು. ಫುಟ್‌ಪಾತಿನ ಮೇಲೆ ನಿಂತು ಅತ್ತು, ಕಣ್ಣೊರೆಸಿಕೊಂಡು ಬಂದು, ತಪ್ಪಾಯಿತು ಭಾವ ಎಂದಳು. ಆಮೇಲೆ ಯಾರು ಆ ಮಾತೆತ್ತಿದರೂ ಇಬ್ಬರೂ ಶೋಕೇಸನ್ನೇ ಮುಂದೆ ಹಿಡಿಯುತ್ತಿದ್ದರು. ಅದೊಂದು ಇದ್ದದ್ದರಿಂದ ನಂಬರಪ್ಪನಿಗೆ ಉಂಡ ಅನ್ನ ಗಂಟಲಿನಿಂದ ಕೆಳಗಿಳಿಯುತ್ತಿತ್ತು.

ಅಂಗಡಿ ಮತ್ತೆ ತೆರೆಯಲಿಲ್ಲ. ಮನೆ ಮಹಡಿಯ ಮೇಲೆ. ಹಿಂಬಾಗಿಲಿನಿಂದ ಇಳಿದು ಬಂದು ಶೋಕೇಸಿಗೆ ಬೆನ್ನು ಹಾಕಿ ಗಿರಾಕಿಯ ಸ್ಟೂಲಿನ ಮೇಲೆ ಕತ್ತಲಲ್ಲಿ ಕೂರುತ್ತಿದ್ದ, ಹೊತ್ತಾದ ಮೇಲೆ ಹತ್ತಿ ಹೋಗುತ್ತಿದ್ದ. ದುಃಖವೇ ಅಂದರೆ ಅದೂ ಅಲ್ಲ. ಒಂದೇ ಕಡೆ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವನಿಗೆ ಆಳಿಗೆ ಆಳೇ ಜೋಮು ಹಿಡಿದಿತ್ತು. ಕನ್ನಡಕದವನು ಬಂದು ಬೀದಿಯ ಸುದ್ದಿ ಹೇಳಿದರೆ ಹ್ಞೂಂ, ಊಟ ಆಯಿತಾ ಅಂದರೆ ಹ್ಞೂಂ. ಬೀದಿಯ ಕಡೆಗೆ ಹೋಗಿ ತನ್ನ ಅಂಗಡಿಯ ಮುಖ ನೋಡಿದ್ದೇ ಇಲ್ಲ. ಹೋಗಬಾರದು ಅಂತೇನೂ ಇರಲಿಲ್ಲ, ಹೋಗಲಿಲ್ಲ ಅಷ್ಟೇ.

ನಗರಸಭೆಯಿಂದ ಬಂದವಳಿಗೂ ಹ್ಞೂಂ ಎಂದೇ ಹೇಳಿ ಕಳಿಸಿದ. ಐದು ನಂಬರು, ಸಪೂರ ಪಾದ, ಹಿಮ್ಮಡಿ ಸವೆದ ಬೂಟು. ಹೆಣ್ಣುಮಗಳು ನಯವಾಗಿಯೇ ಮಾತಾಡಿದಳು. ಚಿತ್ರವನ್ನು ಗಾಜಿನ ಹೊರಗೆ ಅಂಟಿಸುತ್ತೇವೆ, ಆದರೆ ಒಳಗಡೆಯೂ ತೊಳೆದು ಒರೆಸಬೇಕು, ಹಾಗಾಗಿ ಶೋಕೇಸು ಖಾಲಿ ಮಾಡಬೇಕು, ಮಿಠಾಯಿ ಅಂಗಡಿಯ ಚಿತ್ರ ಒಂದು ಉಳಿದಿದೆ, ಆಗಬಹುದಾ ಎಂದು ಕೇಳಿದಳು. ನಂಬರಪ್ಪ ತಲೆಯಾಡಿಸಿದ.

ವಿಷಯ ಕನ್ನಡಕದವನಿಂದ ನಾದಿನಿಯ ಕಿವಿಗೆ ಬಿತ್ತು. ಅವಳು ಕೆಲಸಕ್ಕೆ ರಜೆ ಹಾಕಿ ಬಂದಳು. ಅಕ್ಕನ ಕೈಯ ಕೊನೇ ಕೆಲಸ ಅದು, ಕಿತ್ತು ಮಿಠಾಯಿ ಅಂಟಿಸ್ತೀರಾ ಎಂದು ನಗರಸಭೆಯವಳ ಮೇಲೆ ಹರಿಹಾಯ್ದಳು. ಒಪ್ಪಿಕೊಂಡ ಭಾವನಿಗೂ ಮಂಗಳಾರತಿ ಎತ್ತಿದಳು. ನಗರಸಭೆಯವಳು ಎಲ್ಲ ಕೇಳಿಸಿಕೊಂಡು, ಹಾಗಾದರೆ ಈ ಶೋಕೇಸಿನದೇ ಫೋಟೋ ತೆಗೆದು, ದೊಡ್ಡದು ಮಾಡಿ ಅಂಟಿಸಿಬಿಡೋಣ, ಷೂಗಳು ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದೂ ತಪ್ಪುತ್ತದೆ ಎಂದಳು. ನಾದಿನಿ ಆ ಹೆಣ್ಣಿನ ಕೈ ಹಿಡಿದುಕೊಂಡು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು. ನಂಬರಪ್ಪ ಅದಕ್ಕೂ ಹ್ಞೂಂ ಎಂದ.

ಫೋಟೋ ತೆಗೆದಾದ ಮೇಲೆ ಶೋಕೇಸು ಖಾಲಿ ಮಾಡಿದ್ದು ನಾದಿನಿಯೇ, ಯಾರನ್ನೂ ಮುಟ್ಟಗೊಡಲಿಲ್ಲ. ಒಂದೊಂದನ್ನೇ ಧೂಳು ಒರೆಸಿ, ಕಪಾಟಿನಿಂದ ಅದರ ಡಬ್ಬ ಹುಡುಕಿ ಒಳಗೆ ಮಲಗಿಸಿ ಮುಚ್ಚಳ ಹಾಕಿದಳು. ನಂಬರಪ್ಪ ಅವಳಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದ. ಎಲ್ಲದಕ್ಕೂ ಜೋಡಿ ಸಿಕ್ಕಿತು ಭಾವ, ಒಂದೂ ಒಂಟಿ ಉಳಿಯಲಿಲ್ಲ, ಅಕ್ಕ ಅಂದರೆ ಅಕ್ಕನೇ ಎಂದು ಅವಳು ಹೇಳಿದ್ದು ಅವನ ಕಿವಿಗೆ ಬಿತ್ತು.

ಅಂಟಿಸುವ ದಿನ ನಾದಿನಿ ಅವನ ಬಾಯಿಮಾತಿಗೆ ಕಾಯಲಿಲ್ಲ. ತೋಳು ಹಿಡಿದು ಎಬ್ಬಿಸಿ, ಹಿಂಬಾಗಿಲಿನಿಂದ ಸುತ್ತಿಸಿ ಬೀದಿಗೆ ಕರೆತಂದಳು. ಬಿಸಿಲಿಗೆ ಅವನ ಕಣ್ಣು ಕುಕ್ಕಿತು. ಗಾಜಿನ ತುಂಬ ಚಿತ್ರ ಹರಡಿಕೊಂಡಿತ್ತು. ಒಂದೊಂದು ಷೂವೂ ಮೊಳದುದ್ದ. ಕೆಲಸಗಾರ ರಬ್ಬರ್ ಪಟ್ಟಿಯಿಂದ ಉಜ್ಜಿ ಉಜ್ಜಿ ಗುಳ್ಳೆಗಳನ್ನು ಅಂಚಿಗೆ ತಳ್ಳುತ್ತಿದ್ದ. ಕನ್ನಡಕದವನು ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಇದಕ್ಕೆ ಮಾತ್ರ ಹುಳುಕು ಅನ್ನುವ ಹಾಗಿಲ್ಲಪ್ಪ ಎಂದ.

"ಹೇಗಿದೆ ನೋಡಿ ಭಾವ," ಎಂದಳು ನಾದಿನಿ.

ಹ್ಞೂಂ, ಚೆನ್ನಾಗಿದೆ ಎಂಬುದು ನಂಬರಪ್ಪನ ನಾಲಿಗೆಯ ತುದಿಯಲ್ಲಿಯೇ ಇತ್ತು. ಅಷ್ಟರಲ್ಲಿ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಮಿಕ್ಕವರಿಗೆ ಅಲ್ಲಿ ಕಂಡದ್ದು ಷೂ. ಅವನಿಗೆ ಕಂಡದ್ದು ಕಾಲು, ಬಲಗಾಲು. ಅದರ ಪಕ್ಕದ್ದೂ ಬಲಗಾಲು. ಸಾಲಿಗೆ ಸಾಲೇ ಬಲಗಾಲು.

ಚಿತ್ರ ತಿರುಗುಮುರುಗಾಗಿದೆ ಎಂದುಕೊಂಡ. ಎಷ್ಟೋ ದಿನದ ಮೇಲೆ ಅವನಾಗಿಯೇ ಬಾಯಿಬಿಟ್ಟು ಮಾತಾಡಿದ. "ಏನಮ್ಮಾ, ಫೋಟೋ ಉಲ್ಟಾ ಛಾಪಿಸಿದ್ದೀರಾ?"

ನಗರಸಭೆಯವಳು ಗಾಬರಿಯಿಂದ ಹತ್ತಿರ ಹೋಗಿ ನೋಡಿದಳು. ಉಲ್ಟಾ ಆಗಿದ್ದರೆ ಅಕ್ಷರವೂ ಉಲ್ಟಾ ಆಗಬೇಕಿತ್ತಲ್ಲ ಸರ್ ಎಂದು ಮೂಲೆಯ ರಟ್ಟು ತೋರಿಸಿದಳು. 'ಹೊಸ ಮಾಲು' ದುಂಡಗೆ, ನೆಟ್ಟಗೆ ಇತ್ತು. ಮೇಲಿನ ಸಾಲನ್ನು ನೋಡಿದ. ಅಲ್ಲಿ ಎಲ್ಲವೂ ಎಡಗಾಲು. ಕೆಳಗಿನ ಸಾಲಿನ ಕೊನೆಯಲ್ಲಿ ಮಗುವಿನ ಷೂ. ಅದರ ಲೇಸನ್ನು ಹೂವಿನ ಹಾಗೆ ಕಟ್ಟುವುದು ಅವಳ ವಾಡಿಕೆ. ಇಲ್ಲಿ ಗಂಟಿನ ಮೇಲೆ ಗಂಟು ಬಿದ್ದು, ಲೇಸೆಲ್ಲ ಮುಗಿದು, ಒಂದು ಉಂಡೆಯಾಗಿತ್ತು. ಎಷ್ಟು ಹೊತ್ತು ಹೆಣಗಿದ್ದಳೋ.

ಅವಳು ಶೋಕೇಸು ಜೋಡಿಸಿದ ಆ ಮಧ್ಯಾಹ್ನ ಅವನು ಅಂಗಡಿಯಲ್ಲೇ ಇದ್ದ. ಮಾರಾಟವಾಗದೆ ಉಳಿದ ಚಪ್ಪಲಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ರೀ, ಸರಿಯಾಗಿದೆಯಾ ನೋಡಿ ಎಂದು ಅವಳು ಶೋಕೇಸಿನ ಒಳಗಿನಿಂದ ಕೇಳಿದಳು. ಇಷ್ಟು ವರ್ಷದಲ್ಲಿ ಸರಿಯಾಗಿದೆಯಾ ಎಂದು ಅವಳು ಕೇಳಿದವಳೇ ಅಲ್ಲ. ಸುಮ್ಮನೆ ಕೇಳಿದ್ದಲ್ಲ ಅದು, ಅವಳಿಗೇ ಏನೋ ಅನುಮಾನ ಬಂದಿತ್ತು. ಎರಡನೆಯ ಸಲವೂ ಕೇಳಿದ್ದಳು. ಅದು ಈಗ ನೆನಪಾಯಿತು.

ಜೋಮು ಬಿಡುವಾಗ ಸೂಜಿ ಚುಚ್ಚಿದಂತಾಗುತ್ತದೆ. ಅವನಿಗೆ ಮೈಯೆಲ್ಲ ಹಾಗಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಈ ಬೀದಿಯಲ್ಲಿ ಎಡ ಬಲ ನೋಡುವ ಕಣ್ಣು ಇದ್ದದ್ದು ಎರಡು ಜೊತೆ, ಅದರಲ್ಲಿ ಒಂದು ಜೊತೆ ಮುಚ್ಚಿತ್ತು.

"ಕೆಳಗಿನ ಸಾಲೆಲ್ಲ ಬಲಗಾಲು," ಎಂದ.

ಅದಕ್ಕೇನೀಗ ಎಂಬಂತೆ ನಾದಿನಿ ನೋಡಿದಳು. ನಂಬರಪ್ಪ ಹೇಳಿದ. ಶೋಕೇಸಿಗೆ ಎಡಗಾಲು ಮಾತ್ರ ಎಂಬ ಕಟ್ಟಳೆ, ಅವಳು ಎಂದೂ ತಪ್ಪಿದವಳಲ್ಲ ಎಂಬುದು, ಲೇಸಿನ ಗಂಟು, ಎಲ್ಲವನ್ನೂ ನಿಧಾನವಾಗಿ, ಗಿರಾಕಿಗೆ ಮಾಲು ತೋರಿಸುವವನ ಹಾಗೆ ಒಂದೊಂದಾಗಿ ಕೈ ಮಾಡಿ ತೋರಿಸಿ ಹೇಳಿದ.

"ನಿಮ್ಮಕ್ಕ ಸರಿಯಾಗಿದೆಯಾ ನೋಡಿ ಅಂದ್ಳು. ಎರಡು ಸಲ ಅಂದ್ಳು. ಚೆನ್ನಾಗಿದೆ ಅಂದೆ ಕಣಮ್ಮ, ಆದ್ರೆ ನಾನು ತಲೆ ಎತ್ತಲಿಲ್ಲ. ಎತ್ತಿದ್ರೆ ಅವತ್ತೇ ಕರ್ಕೊಂಡು ಹೋಗ್ತಿದ್ದೆ."

ಕನ್ನಡಕದವನು ಮೆಟ್ಟಿಲಿಂದ ಮೆಲ್ಲಗೆ ಒಳಗೆ ಸರಿದ. ನಾದಿನಿ ಬಯ್ಯಲಿಲ್ಲ. ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡಳು, ಮತ್ತೆ ಕೆಳಗಿನ ಸಾಲನ್ನು ನೋಡಿದಳು, ಹೋಲಿಸಿದಳು. ಅವಳಿಗೆ ಈಗ ಕಂಡಿತು.

"ನಾನು ಇದೇ ಶೋಕೇಸನ್ನ ನೋಡಿ ನಿಮ್ಮನ್ನ ನಂಬಿದ್ದೆ ಭಾವ," ಎಂದಳು. ಅಷ್ಟು ಹೇಳಿ ಬೀದಿಯ ಆಚೆ ಬದಿಗೆ ಹೋಗಿ, ಹೂವಿನ ಚಿತ್ರಕ್ಕೆ ಒರಗಿ ನಿಂತಳು. ಮನೆಗೆ ಹೋಗಲಿಲ್ಲ, ಈಚೆಗೂ ಬರಲಿಲ್ಲ.

ನಗರಸಭೆಯವಳಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಆದರೆ ಮನುಷ್ಯತ್ವ ಇದ್ದವಳು. ಗೋಂದು ಇನ್ನೂ ಒಣಗಿಲ್ಲ, ಬೇಡವೆಂದರೆ ಈಗಲೇ ಕೀಳಿಸುತ್ತೇನೆ, ಒಣಗಿದರೆ ವರ್ಷವಿಡೀ ಕಿತ್ತು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಕೆಲಸಗಾರ ಪಟ್ಟಿ ಎತ್ತಿ ಹಿಡಿದು ಕಾಯುತ್ತಾ ನಿಂತ.

"ಇರಲಿ ಬಿಡಿ," ಎಂದ ನಂಬರಪ್ಪ. "ಈಗಲಾದ್ರೂ ನೋಡ್ತೀನಿ."

ಹಿಂಬಾಗಿಲಿನಿಂದ ಒಳಗೆ ಹೋಗಿ ಗಿರಾಕಿಯ ಸ್ಟೂಲನ್ನು ಎತ್ತಿಕೊಂಡು ಬಂದ. ಫುಟ್‌ಪಾತಿನ ಮೇಲೆ, ಗಾಜಿನ ಎದುರಿಗೆ ಅದನ್ನು ಇಟ್ಟುಕೊಂಡು ಕೂತು, ಮೇಲಿನ ಸಾಲಿನ ತುದಿಯಿಂದ ಒಂದೊಂದೇ ಷೂವನ್ನು ನೋಡತೊಡಗಿದ. ಹಿಂದಿನಿಂದ ಹಾದು ಹೋಗುವವರು ಅವನನ್ನು ಬಳಸಿಕೊಂಡು ಹೋದರು.