ಎದುರು ಕೂತ ನೆಗೆಣ್ಣಿ

ನೆಗೆಣ್ಣಿ ಸುನಂದಾ ಒಂದೇ ಮಾತಿಗೆ ಹೂಂ ಅಂದಳಂತೆ. ಬಸವಂತಮ್ಮನಿಗೆ ಅದೇ ಸರಿ ಕಾಣಲಿಲ್ಲ.

ಫೋನು ಮಾಡಿದವಳು ರಾಯಚೂರಿನ ಜನಪದ ಸಂಗೀತ ಸಂಗ್ರಹಾಲಯದ ತಹಮೀನಾ. ಹಳೆಯ ಹತ್ತಿ ಗೋದಾಮಿಗೆ ಸುಣ್ಣ ಬಳಿದು ಮಾಡಿದ ಜಾಗ ಅದು. ಏಕತಾರಿ, ಚೌಡಿಕೆ, ಹಲಗೆಗಳು ಗಾಜಿನ ಹಿಂದೆ ಸುಮ್ಮನಿರುತ್ತವೆ. ತಿಂಗಳಿಗೊಂದು ಶನಿವಾರ ಮಾತ್ರ ಹಾಡುವವರನ್ನು ಕರೆಸಿ ಅಂಗಳದಲ್ಲಿ ಕಾರ್ಯಕ್ರಮ ಮಾಡುತ್ತಾರೆ. ಹೋದ ತಿಂಗಳು ಮೊಹರಂ ಪದದವರು ಬಂದಿದ್ದರು. ಈ ಸಲ ಬೀಸುವ ಹಾಡು. ಹಾಡುವವರನ್ನು ಹುಡುಕುತ್ತಾ ತಹಮೀನಾ ಕವಿತಾಳಕ್ಕೆ ಹೋದರೆ, ಅಲ್ಲಿ ಎಲ್ಲರೂ ಒಂದೇ ಮನೆಯ ಇಬ್ಬರು ಸೊಸೆಯರ ಹೆಸರು ಹೇಳಿದರಂತೆ.

“ನಿಮ್ಮ ನೆಗೆಣ್ಣಿಯವ್ರು ದೇವದುರ್ಗದಿಂದ ಬರ್ತೀನಿ ಅಂದಾರ್ರಿ ಅಮ್ಮಾ. ನೀವೊಬ್ರು ಒಪ್ಪಿದ್ರ ಮುಗೀತು,” ಅಂದಳು ತಹಮೀನಾ.

ಬಸವಂತಮ್ಮ ಆಗುವುದಿಲ್ಲ ಅನ್ನುವವಳಿದ್ದಳು. ಆದರೆ ಅದೇ ಸಂಜೆ ಚನ್ನಬಸಮ್ಮನ ಫೋನು ಬಂತು. ರಾಯಚೂರಿನ ಈ ಹೆಂಗಸು ಬಸವಂತಮ್ಮನ ಮಗಳು ಶಿವಲೀಲಾಳನ್ನು ತನ್ನ ಮಗನಿಗೆ ನೋಡಿ ಮೆಚ್ಚಿಹೋಗಿದ್ದಳು. ನಿಶ್ಚಯವೊಂದು ಬಾಕಿ.

“ನೀವು ಹಾಡ್ತೀರಿ ಅಂತ ಹೇಳೇ ಇಲ್ಲಲ್ರೀ, ತಹಮೀನಾನ ಬಾಯಿಂದ ಕೇಳಬೇಕಾತು! ಅಲ್ಲಿ ಒಂದು ಕಾರ್ಯಕ್ರಮಾನೂ ನಾ ಬಿಡಂಗಿಲ್ಲ. ತಂಗೀನ್ನೂ ಕರಕೊಂಡು ಮುಂದ ಕೂಡ್ತೀನಿ. ಅಂದಂಗ, ನಾವು ಮಾನ್ವಿಗೆ ನಿಮ್ಮ ಮನೀಗೆ ಬಂದಾಗ ನಿಮ್ಮ ನೆಗೆಣ್ಣಿ ಕಾಣಲಿಲ್ಲಲ್ಲ?”

ಇನ್ನು ಹೋಗದೆ ಇದ್ದರೆ ಆ ಪ್ರಶ್ನೆಗೆ ಅದೇ ಒಂದು ಉತ್ತರವಾಗುತ್ತಿತ್ತು.

“ಹಾಡಿ ಬಾ, ಅದರಾಗೇನದ?” ಅಂದ ಗಂಡ ವಿರೂಪಣ್ಣ, ರೈಸ್ ಮಿಲ್ಲಿನಿಂದ ಬಂದು ಅಂಗಿಯ ತೌಡು ಝಾಡಿಸುತ್ತ. “ಸುನಂದಾ ಅಂಥಾಕಿ ಅಲ್ಲ.”

“ಅಂಥಾಕಿ ಅಲ್ಲ ಅಂತ ನಿಮಗ ಯಾರು ಹೇಳಿದ್ರು? ಆಕೀನ ಹೇಳಿದ್ಲೇನು?”

ವಿರೂಪಣ್ಣ ಮುಖ ತೊಳೆಯಲು ಎದ್ದುಹೋದ.

ಎರಡು ವರ್ಷದ ಹಿಂದೆ ಶಿವಲೀಲಾ ಕಾಲೇಜಿನ ಹುಡುಗನೊಬ್ಬನ ಜೊತೆ ಹೈದರಾಬಾದಿಗೆ ಹೋಗಿದ್ದಳು. ಹುಡುಗಿ ದೊಡ್ಡಮ್ಮನ ಊರಿಗೆ ಹೋಗಿದ್ದಾಳೆ ಎಂದು ಬಸವಂತಮ್ಮ ಓಣಿಗೆಲ್ಲ ಹೇಳಿ, ಒಳಗೆ ಕೂತು ಅತ್ತಿದ್ದಳು. ಹೋದವಳು ನಾಲ್ಕೇ ದಿನಕ್ಕೆ ಒಬ್ಬಳೇ ತಿರುಗಿ ಬಂದಳು. ಆದರೆ ಅವ್ವನ ಮನೆಗಲ್ಲ, ದೇವದುರ್ಗಕ್ಕೆ, ಚಿಗವ್ವನ ಮನೆಗೆ. ಮರುದಿನ ನಸುಕಿನ ಬಸ್ಸಿಗೆ ಸುನಂದಾ ಅವಳನ್ನು ಕರೆತಂದು ಬಾಗಿಲಲ್ಲಿ ನಿಂತಾಗ ಬಸವಂತಮ್ಮ ಮಗಳನ್ನು ಒಳಗೆಳೆದುಕೊಂಡು ನೆಗೆಣ್ಣಿಗೆ ಹೇಳಿದ್ದು ಒಂದೇ ಮಾತು: “ಕಳಿಸಿದಾಕೀನೂ ನೀನ, ತಂದು ಬಿಟ್ಟಾಕೀನೂ ನೀನ.” ಸುನಂದಾ ಬಂದ ಬಸ್ಸಿಗೇ ತಿರುಗಿದಳು. ಅಲ್ಲಿಂದ ಮಾತಿಲ್ಲ. ಮನೆಯ ಹೊರಗೆ ಆ ಸಂಗತಿ ಗೊತ್ತಿದ್ದವಳು ಅವಳೊಬ್ಬಳೇ.

ಬೇರೆ ಯಾವ ಹಾಡಾಗಿದ್ದರೂ ಬಸವಂತಮ್ಮ ಇಷ್ಟು ಹೆದರುತ್ತಿರಲಿಲ್ಲ. ಬೀಸುವ ಕಲ್ಲಿನ ರೀತಿಯೇ ಬೇರೆ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯಬೇಕು. ಹಿಡಿ ಕಾಳು ಹಾಕಿದವಳು ಪದ ಎತ್ತಬೇಕು, ಎದುರಿನವಳು ಕೊನೆಯ ಸಾಲನ್ನು ತನ್ನ ಬಾಯಲ್ಲಿ ತಿರುಗಿ ಹೇಳಿ, ಆಮೇಲೆ ತನ್ನದನ್ನು ಹೇಳಬೇಕು. ಕಾಳು ಮುಗಿಯುವ ತನಕ ಏಳುವಂತಿಲ್ಲ. ಕವಿತಾಳದ ಮನೆಯಲ್ಲಿ ಇಬ್ಬರೂ ಹೊಸ ಸೊಸೆಯರಾಗಿದ್ದಾಗ ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಹೇಳಿಕೊಂಡದ್ದು ಹಾಗೆಯೇ. ಗಂಡ ಪಂಪಾಪತಿ ಮೊದಲ ಸಲ ತನ್ನ ಮೇಲೆ ಕೈ ಮಾಡಿದ್ದನ್ನು ಸುನಂದಾ ಕಲ್ಲಿನ ಮುಂದೆಯೇ ಹೇಳಿದ್ದು. ಅತ್ತೆ ಒಳಮನೆಯಲ್ಲಿ ಕೇಳಿಸಿಕೊಂಡರೂ ಹಾಗೇಕೆ ಹಾಡಿದಿರಿ ಎಂದು ಕೇಳುವಂತಿರಲಿಲ್ಲ.

ಚನ್ನಬಸಮ್ಮ ಮಾತ್ರ ಕೇಳುವವಳು.

ಶನಿವಾರ ಅಂಗಳ ತುಂಬಿತ್ತು. ‘ಮುಟ್ಟಬೇಡಿ’ ಎಂಬ ಹಲಗೆಯ ಹಿಂದಿರುತ್ತಿದ್ದ ಬೀಸುಕಲ್ಲನ್ನು ಹೊರಗೆ ತಂದು ಜಮಖಾನದ ಮೇಲೆ ಇಟ್ಟಿದ್ದರು. ಪಕ್ಕದ ಮೊರದಲ್ಲಿ ಜೋಳ. ಸುನಂದಾ ಆಗಲೇ ಬಂದು ಕೂತು ಕಲ್ಲಿನ ಬಾಯಿಯ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು.

“ಬಾ ಯಕ್ಕಾ,” ಅಂದಳು.

ಬಸವಂತಮ್ಮ ಕೂತು ಮೊರವನ್ನು ತನ್ನ ಕಡೆ ಎಳೆದುಕೊಂಡಳು. ಕಾಳು ತನ್ನ ಕೈಯಲ್ಲಿದ್ದರೆ ಪದವೂ ತನ್ನ ಕೈಯಲ್ಲಿ.

ಕಲ್ಲಿಗೆ ಒಂದು ಪದ, ಶಿವನಿಗೆ ಒಂದು, ತವರಿನ ತಮ್ಮನಿಗೆ ಒಂದು. ಉಸಿರು ಬಿಡದೆ ಹಾಡಿದಳು. ಹಿಡಿಯ ಮೇಲೆ ಹಿಡಿ ಸುರಿದಳು. ಬೇಗ ಮುಗಿದರೆ ಸಾಕಿತ್ತು. ಸುನಂದಾ ಸರಿಯಾಗಿ ಸಾಲು ಹಿಡಿದು ತಿರುಗಿಸುತ್ತಿದ್ದಳು. ಆ ದನಿ ತನ್ನ ದನಿಯ ಕೆಳಗೆ ಬಂದು ಕೂತದ್ದೇ ಬಸವಂತಮ್ಮನ ಮೈ ಹಗುರವಾಯಿತು. ಹಗುರವಾದದ್ದಕ್ಕೆ ಇನ್ನಷ್ಟು ಹೆದರಿಕೆಯಾಯಿತು.

“ಬರೇ ನುಚ್ಚು ಬೀಳಾಕತ್ತದ, ಯಕ್ಕಾ,” ಸುನಂದಾ ತುಟಿ ಅಲುಗಿಸದೆ ಅಂದಳು. “ಕೋಳಿಗೆ ಹಾಕ್ತೀಯೇನು?”

ಅಂದವಳೇ ಮೊರಕ್ಕೆ ಕೈ ಹಾಕಿ ಹಿಡಿ ಕಾಳು ತೆಗೆದುಕೊಂಡಳು. ಕಲ್ಲು ನಿಧಾನವಾಯಿತು.

“ಹಾದಿ ತಪ್ಪಿದ ಗಿಣಿ ನನ್ನ ಜಂತಿಗೆ ಬಂತ
ಬೈಲಿಲ್ಲ ಕೇಳಲಿಲ್ಲ – ನಾ ಅದರ
ರೆಕ್ಕಿ ಧೂಳಷ್ಟ ಒರಸೀನ.”

ಬಂತು, ಅಂದುಕೊಂಡಳು ಬಸವಂತಮ್ಮ. ಇದಕ್ಕೇ ಬಂದಿದ್ದಾಳೆ. ಮುಂದಿನ ಹಿಡಿಗೆ ಗಿಣಿಯ ಹೆಸರು ಬರುತ್ತದೆ. ಕೊನೆಯ ಸಾಲನ್ನು ಹೇಗೋ ತಿರುಗಿಸಿದಳು. ಆಮೇಲೆ ಯೋಚಿಸಲಿಲ್ಲ. ಸುನಂದಾಳಿಗೆ ಮಕ್ಕಳಿಲ್ಲ ಎಂಬುದೊಂದೇ ಕೈಗೆ ಸಿಕ್ಕ ಕಲ್ಲಾಗಿತ್ತು.

“ತನ್ನ ಗೂಡಾಗ ಮರಿ ಇಲ್ಲದ ಹಕ್ಕೀಗಿ
ಮಂದಿಯ ಮರಿ ಮ್ಯಾಲ ಕಣ್ಯಾಕ – ಹಾರಂತ
ಹೈದರಾಬಾದ್ ಹಾದಿ ತೋರ್ಯಾಳ.”

ಜನ ಚಪ್ಪಾಳೆ ತಟ್ಟಿದರು. ಹಳೆಯ ಹಾಡಿನಲ್ಲಿ ಹೈದರಾಬಾದ್ ಬಂದದ್ದಕ್ಕೆ ಹಿಂದಿನ ಸಾಲಿನವರು ನಕ್ಕರು. ಚನ್ನಬಸಮ್ಮ ನಗಲಿಲ್ಲ. ತಂಗಿಯ ಕಿವಿಯಲ್ಲಿ ಏನೋ ಹೇಳಿ ಮುಂದಕ್ಕೆ ಬಾಗಿ ಕೂತಳು. ಆಗ ಬಸವಂತಮ್ಮನಿಗೆ ತಾನು ಏನು ಹಾಡಿದೆ ಎಂಬುದು ತಿಳಿಯಿತು. ಸುನಂದಾಳ ಬಾಯಿಂದ ಬರುತ್ತದೆ ಎಂದು ಕಾದಿದ್ದ ಊರಿನ ಹೆಸರು ತನ್ನ ಬಾಯಿಂದಲೇ ಬಂದಿತ್ತು.

ಏಳುವಂತಿರಲಿಲ್ಲ. ಮೊರದಲ್ಲಿ ಇನ್ನೂ ಕಾಳಿತ್ತು.

ಸುನಂದಾ ಕೊನೆಯ ಸಾಲನ್ನು ತಿರುಗಿಸಿದಳು. ಹೈದರಾಬಾದ್ ಎಂಬಲ್ಲಿ ದನಿ ಒಂದಿಷ್ಟೂ ಅಲುಗಲಿಲ್ಲ. ಕಾಳು ಹಾಕದೆ ಕಲ್ಲನ್ನು ಬರಿದೇ ಒಂದು ಸುತ್ತು ತಿರುಗಿಸಿದಳು. ಆಮೇಲೆ ನಾಲ್ಕೇ ಕಾಳು ಹಾಕಿ, ತೀರಾ ಮೆಲ್ಲಗೆ ಎತ್ತಿದಳು.

“ಅಕ್ಕನ ಮನಿಯಂತ ನಸುಕಿಗೆ ಬಂದೀನಿ
ಒಳಗ ಬಾ ಅನಲಿಲ್ಲ ನನ್ನಕ್ಕ – ಹೊಸ್ತಿಲದಾಗ
ನಿಂತ ಕಾಲಿನ್ನೂ ನೋಯ್ತಾವ.”

ಅಷ್ಟೇ. ಗಿಣಿಯಿಲ್ಲ, ಹೆಸರಿಲ್ಲ. ಬಸವಂತಮ್ಮ ಇನ್ನೂ ಏನೋ ಬರುತ್ತದೆ ಎಂದು ಕಾದಳು. ಬರಲಿಲ್ಲ. ಈಗ ಅವಳ ಸರದಿ. ಗೂಟದ ಮೇಲೆ ಎರಡು ಕೈಗಳು ತಾಗಿಕೊಂಡಿದ್ದವು. “ನಿಂತ ಕಾಲಿನ್ನೂ ನೋಯ್ತಾವ,” ಎಂದು ಅವಳೇ ಹಾಡಬೇಕಾಯಿತು. ಹಾಡಿದಳು. ಅದರ ಮೇಲೆ ಹೇಳಲು ತನ್ನದೊಂದು ಪದ ಅವಳಿಗೆ ಸಿಗಲಿಲ್ಲ. ಉಳಿದ ಕಾಳನ್ನು ಇಬ್ಬರೂ ಹಾಡಿಲ್ಲದೆ ಬೀಸಿದರು. ಜನರಿಗೆ ಅದೂ ಕಾರ್ಯಕ್ರಮದ ಭಾಗವೇ ಅನಿಸಿತು.

ಮುಗಿದದ್ದೇ ಚನ್ನಬಸಮ್ಮ ಬಂದಳು. “ಭಾಳ ಛಲೋ ಹಾಡಿದ್ರಿ. ಅಲ್ರೀ, ಆ ಹೈದರಾಬಾದಿಗೆ ಹಾರಿದ ಮರಿ ಯಾರದು?”

ಸುನಂದಾ ಕೈಯ ಹಿಟ್ಟು ಕೊಡವುತ್ತ ನಕ್ಕಳು. “ಹಾಡಿನ ಮರೀಗೆ ಅವ್ವ-ಅಪ್ಪನ್ನ ಹುಡುಕಿದ್ರ ಹೆಂಗ್ರೀ? ಬೀಸೋ ಮುಂದ ಅತ್ತೀನ್ನ ಹುಲಿ ಅಂತ ಹಾಡ್ತಿದ್ವಿ ನಾವು. ಆಕೀಗೆ ಬಾಲ ಇತ್ತೇನು?”

ತಂಗಿ ನಕ್ಕಳು. ಚನ್ನಬಸಮ್ಮನೂ ನಕ್ಕಂತೆ ಮಾಡಿ ಒಬ್ಬಳಿಂದ ಇನ್ನೊಬ್ಬಳ ಮುಖಕ್ಕೆ ನೋಡಿದಳು. “ಗುರುವಾರ ನಿಶ್ಚಯಕ್ಕ ಬರ್ತೀವಿ. ನಿಮ್ಮ ನೆಗೆಣ್ಣೀನೂ ಇರ್ಲಿ. ಇವ್ರ ಜೋಡಿ ಒಂದೀಟು ಕೂತು ಮಾತಾಡೋದದ.”

ಅವರು ಗೇಟು ದಾಟಿದ ಮೇಲೆ ಬಸವಂತಮ್ಮ ದನಿ ತಗ್ಗಿಸಿ ಕೇಳಿದಳು, “ಆಕಿ ಕೇಳಿದ್ರ ಏನ್ ಹೇಳ್ತಿ?”

“ಶಿವಲೀಲಾ ಏನ್ ಹೇಳು ಅಂತಾಳೋ ಅದನ್ನ.”

“ಆಕೀನ್ನೇನು ಕೇಳೋದು?”

“ಅಂದ್ರ ನೀ ಕೇಳೇ ಇಲ್ಲ,” ಅಂದಳು ಸುನಂದಾ. “ಮದುವಿ ಆಗೋ ಹುಡುಗಗ ಎಲ್ಲಾ ತಾನ ಹೇಳ್ತಾಳಂತ. ಮುಚ್ಚಿಟ್ಟು ಬಾಳ್ವಿ ಮಾಡಾಕ ಆಕಿಗೆ ಮನಸಿಲ್ಲ. ಅವ್ವ ಏನಂತಾಳೋ ಅಂತ ಅಂಜಾಕತ್ತಾಳ. ವಾರಕ್ಕೊಮ್ಮೆ ಫೋನ್ ಮಾಡಿ ಅಳ್ತಾಳ.”

“ನಿನಗ ಫೋನ್ ಮಾಡ್ತಾಳ?”

“ನಿನಗ ಹೇಳೋಣಂದ್ರ ನೀ ನನ್ನ ಫೋನ್ ಎತ್ತಂಗಿಲ್ಲ. ಕಲ್ಲಿನ ಮುಂದ ಕೂಡಿಸಿದ್ರ ಎದ್ದು ಹೋಗಾಕ ಬರಂಗಿಲ್ಲಲ್ಲ, ಅದಕ್ಕ ಬಂದೆ. ಬಂದು ಕೂತ ಮ್ಯಾಲ ನನ್ನ ನೋವ ಮೊದಲು ಬಾಯಿಗೆ ಬಂತು. ಏನ್ಮಾಡ್ಲಿ?”

ನಂಬಬೇಕೋ ಬೇಡವೋ ಬಸವಂತಮ್ಮನಿಗೆ ತಿಳಿಯಲಿಲ್ಲ. ಇದು ಮಗಳ ಮಾತೋ, ಮಗಳ ಹೆಸರಿನಲ್ಲಿ ಇವಳು ಆಡಿದ ಮಾತೋ? ಎರಡು ವರ್ಷದಿಂದ ಅವಳು ಮಗಳ ಫೋನು ನೋಡಿದ್ದಳು, ಚೀಲ ನೋಡಿದ್ದಳು, ನಿದ್ದೆಯಲ್ಲಿ ಮುಖ ನೋಡಿದ್ದಳು. ಕೇಳಿದ್ದು ಮಾತ್ರ ಏನನ್ನೂ ಇಲ್ಲ.

ಹಿಟ್ಟಿನ ಕೈಯಲ್ಲೇ ಫೋನು ತೆಗೆದು ಒತ್ತಿದಳು.

“ಅವ್ವಾ, ಹಾಡು ಹೆಂಗಾತು?” ಅಂದಳು ಶಿವಲೀಲಾ.

“ಹಾಡು ಇರ್ಲಿ. ಆ ಹುಡುಗಗ ನೀ ಏನೋ ಹೇಳಬೇಕಂತ ಮಾಡೀಯಂತ. ಏನದು?”

ಆ ಕಡೆ ಕೋಣೆಯ ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಸುನಂದಾ ದೂರ ಸರಿಯಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಖಾಲಿ ಮೊರವನ್ನು ಬೋರಲು ಹಾಕುತ್ತಿದ್ದಳು. ಬಸವಂತಮ್ಮನ ಬಾಯಿಗೆ ಬೈಗುಳ ಬಂತು, ನುಂಗಿಕೊಂಡಳು.

“ಹೇಳವ್ವಾ,” ಅಂದಳು. “ನಾ ಫೋನ್ ಇಡಂಗಿಲ್ಲ.”