ಒಡ್ಡಿನೊಳಗೆ ಉಳಿದ ಹುಲಿಮೀನು

ಜಾಂಬೆಜಿ ನದಿಯ ನೆರೆ ಇಳಿಯುವಾಗ ಬಯಲಿನಿಂದ ಮೊದಲು ಹೊರಬೀಳುವುದು ಹುಲಿಮೀನು. ನಿಂತ ನೀರಿನಲ್ಲಿ ಅದಕ್ಕೆ ಉಸಿರು ಸಾಲದು. ಅದು ಹೋದ ಮೇಲೆಯೇ ನೀರು ನದಿಗೆ ಮರಳುವ ಕಾಲುವೆಗೆ ಮಣ್ಣಿನ ಒಡ್ಡು ಹಾಕಿ ಉಳಿದ ಮೀನು ತಡೆಯಬೇಕೆಂದು ಆ ಬಯಲಿನ ಹೆಂಗಸರಿಗೆಲ್ಲ ಗೊತ್ತು. ನಮುಕೋಲೊಗೂ ಗೊತ್ತಿತ್ತು. ಆದರೆ ಹೋದ ವರ್ಷ ಹಾಗೆ ಕಾದು ಕೂತು, ಒಡ್ಡು ಹಾಕುವಷ್ಟರಲ್ಲಿ ಬೇಸಿಗೆಯ ಊಟಕ್ಕೆ ನೆಚ್ಚಿದ್ದ ಜಿಲೇಬಿ ಮೀನೆಲ್ಲ ನದಿ ಸೇರಿಬಿಟ್ಟಿತ್ತು. ಕೊನೆಯ ಮಗಳು ಆ ಬೇಸಿಗೆ ದಾಟಲಿಲ್ಲ. ಈ ಸಲ ನಾಲ್ಕು ದಿನ ಮೊದಲೇ ಮುಚ್ಚಿದಳು.

ಒಳಗೊಂದು ಹುಲಿಮೀನು ಉಳಿದುಹೋಯಿತು. ಮೀನು ಹಿಡಿಯಲು ಇಟ್ಟ ಕೂಳಿಬುಟ್ಟಿಯನ್ನು ಅದು ದಿನವೂ ಹರಿದುಹಾಕುತ್ತಿತ್ತು. ಒಳಗೆ ಬಿದ್ದ ಮೀನಿನ ತಲೆ ಮಾತ್ರ ಸಿಗುತ್ತಿತ್ತು. ಒಂದು ದಿನ ಕೂಳಿಯಲ್ಲಿ ಅದರ ಹಲ್ಲುಗಳೂ ಸಿಕ್ಕವು.

"ಹಲ್ಲು ಉದುರಿಸ್ಕೊಂಡಿದೆ ಅತ್ತೆ. ಇನ್ನೇನು ಕಡಿಯುತ್ತೆ?"

"ನನ್ ಬಾಯಲ್ಲಾದ್ರೆ ಮತ್ತೆ ಬರಲ್ಲ ಕಣೇ. ಅದಕ್ಕೆ ನಾಲ್ಕು ದಿನ ಸಾಕು," ಎಂದಳು ಅತ್ತೆ ನೋಸಿಕು.

ನಾಲ್ಕು ದಿನವೂ ಆಯಿತು, ಕೂಳಿ ಮತ್ತೆ ಹರಿಯಿತು.

"ಒಡ್ಡು ಒಡೆದ್ಬಿಡು, ಹಾಳಾಗಿ ಹೋಗ್ಲಿ."

"ಅದರ ಹಿಂದೆ ಎಲ್ಲಾ ಹೋಗುತ್ತೆ. ಮಕ್ಕಳಿಗೆ ಏನು ಹಾಕ್ಲಿ?"

ಅತ್ತೆ ಎದ್ದು ಎರಡು ಕೋಲು ಹುಡುಕಿ ತಂದಳು.

ಒಡ್ಡಿನ ಹಿಂದೆ ನಿಂತ ಹೊಂಡದ ನೀರಿನಲ್ಲಿ ಉಸಿರು ತೀರಾ ಕಡಿಮೆಯಾಗುವುದು ಸೂರ್ಯ ಹುಟ್ಟುವ ಮುಂಚೆ. ಮರುದಿನ ಆ ಹೊತ್ತಿಗೆ ಇಬ್ಬರೂ ಇಳಿದು ಕೋಲಿನಿಂದ, ಕಾಲಿನಿಂದ ತಳದ ಕೆಸರು ಕಲಕತೊಡಗಿದರು. ಕೆಸರೆದ್ದರೆ ನೀರಿನಲ್ಲಿ ಇದ್ದಷ್ಟು ಉಸಿರೂ ಹೋಗುತ್ತದೆ. ಮೀಸೆಮೀನು ಕೆಸರಿಗೆ ಹೆದರುವುದಿಲ್ಲ. ಜಿಲೇಬಿ ಸ್ವಲ್ಪ ಹೊತ್ತು ತಡೆದೀತು. ಹುಲಿಮೀನು ತಡೆಯದು. ಅದೊಂದೇ ನಂಬಿಕೆ.

ಮೊದಲು ಮೇಲೆ ಬಂದದ್ದು ಜಿಲೇಬಿಗಳು. ನೂರಾರು ಬಾಯಿ ತೆರೆದು ಮುಚ್ಚುತ್ತಿದ್ದವು.

"ನಿಲ್ಸೇ. ನಿನ್ ಮೀನೇ ಸಾಯ್ತಿದೆ."

"ಅದಿನ್ನೂ ಮೇಲೆ ಬಂದಿಲ್ಲ ಅತ್ತೆ."

ಕಲಕಿದಳು. ಬಿಳಿ ಹೊಟ್ಟೆಗಳು ಒಂದೊಂದಾಗಿ ಮಗುಚಿದವು. ಈಗ ಬಿಟ್ಟರೆ ಸತ್ತದ್ದೆಲ್ಲ ದಂಡ. ಬಿಡದಿದ್ದರೆ ಉಳಿದದ್ದೂ ಹೋಗುತ್ತದೆ. ಅಳುತ್ತಲೇ ಕಲಕಿದಳು. ಕೊನೆಗೆ ಜೊಂಡಿನ ಪಕ್ಕ ಅದು ಎದ್ದಿತು, ತೋಳುದ್ದ, ಹೊಸ ಹಲ್ಲಿನ ಬಾಯಿ ಅಗಲಿಸಿಕೊಂಡು, ಒಂದು ಮಗ್ಗುಲಾಗಿ. ಕೋಲಿನಿಂದ ಮೂರು ಏಟು ಹೊಡೆದು ಕೊಂದಳು.

ನೋಸಿಕು ತೇಲುತ್ತಿದ್ದ ಜಿಲೇಬಿಗಳನ್ನು ಬುಟ್ಟಿಗೆ ಬಾಚಿಕೊಂಡು ದಡ ಹತ್ತಿ, ಆಗಲೇ ಸೀಳಿ ಹರಡತೊಡಗಿದ್ದಳು. "ಅರ್ಧಕ್ಕರ್ಧ ಹೋಯ್ತು. ಒಣಗಿಸಿದ್ರೆ ಎರಡು ತಿಂಗ್ಳು ಬರುತ್ತೆ. ಬಾ ಮೇಲೆ, ನಡುಗ್ತಿದೀಯ."

"ಈಗ ಕಾಲು ಕಿತ್ರೆ ಕೆಸರು ಮತ್ತೆ ಏಳುತ್ತೆ ಅತ್ತೆ. ಉಳಿದಿರೋದೂ ಸಾಯುತ್ತೆ."

ಸೊಂಟದವರೆಗಿನ ನೀರಿನಲ್ಲಿ ನಮುಕೋಲೊ ಅಲುಗದೆ ನಿಂತಳು. ಸುತ್ತ ಇನ್ನೂ ತೆರೆದುಕೊಳ್ಳುತ್ತಿದ್ದ ಬಾಯಿಗಳನ್ನು ಎಣಿಸುತ್ತ, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತ, ಬಿಸಿಲೇರುವವರೆಗೂ ಹಾಗೆಯೇ ನಿಂತಿದ್ದಳು.